ಭಜನಾ ಮಂಡಳಿಗೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ: ಗಂಟಲಿನ ಕಡೆಯಿಂದ ಒಂದು ವಿಮರ್ಶೆ

ಭಜನೆ ಮುಗಿಸಿ ಎದ್ದಾಗ ಮನಸ್ಸು ಹಗುರ, ಗಂಟಲು ಮಾತ್ರ ಭಾರ ಅಂತಾದರೆ ಮೊದಲು ನೋಡಬೇಕಾದದ್ದು ಶ್ರುತಿಯನ್ನು, ಅಂದರೆ ಹಾಡಿಗೆ ಆಧಾರವಾಗಿ ಹಿಡಿದ ಸ್ವರದ ಎತ್ತರವನ್ನು; ಆ ಸ್ವರವನ್ನು ಬಿಡದೆ ಕೇಳಿಸುವುದೇ ಶ್ರುತಿ ಪೆಟ್ಟಿಗೆಯ ಕೆಲಸ. ಸಾಲು ಮುಗಿಯುವ ತನಕ ಉಸಿರನ್ನು ನಿಧಾನವಾಗಿ ಬಿಟ್ಟು, ಸಾಲುಗಳ ನಡುವೆ ಚುಟುಕಾಗಿ ಎಳೆದುಕೊಳ್ಳುವುದರಲ್ಲೂ ಗುಂಪು ಗಾಯನದ ಹಿತ ಅಡಗಿರಬಹುದು. ದಕ್ಷಿಣ ವೇಲ್ಸ್‌ನಲ್ಲಿ ಕ್ಯಾನ್ಸರ್ ರೋಗಿಗಳೂ ಅವರ ಆರೈಕೆಯವರೂ ಹಾಡುವ ಐದು ವೃಂದಗಳ 193 ಮಂದಿಯನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 70 ನಿಮಿಷ ಹಾಡಿದ ಮೇಲೆ ಎಂಜಲಿನಲ್ಲಿ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನು ಇಳಿದಿತ್ತು. (ಹೋಲಿಸಿ ನೋಡಲು ಹಾಡದವರ ಗುಂಪು ಅದರಲ್ಲಿ ಇರಲಿಲ್ಲ ಅನ್ನುವುದೂ ನೆನಪಿರಲಿ.) ಶ್ರುತಿ ಏರಿದರೆ ಕತ್ತು ಬಿಗಿಯುತ್ತದೆ, ಸಾಲಿನ ನಡುವೆಯೇ ಉಸಿರು ತುಂಡಾಗುತ್ತದೆ, ಆ ಹಿತವೂ ಅಲ್ಲಿಗೇ ಮುಗಿಯಿತು.

ಗಂಡಸರಿಗೆ ಸಾಮಾನ್ಯವಾಗಿ 1ರಿಂದ 2 ಮನೆ, ಹೆಂಗಸರಿಗೆ 5ರಿಂದ 6 ಮನೆ ಒಗ್ಗುತ್ತದೆ. (ಮನೆ ಅಂದರೆ ‘ಸ’ ಸ್ವರವನ್ನು ಎಲ್ಲಿ ಇಡುವುದು ಅನ್ನುವ ಎಣಿಕೆ; ಸಂಖ್ಯೆ ಏರಿದಂತೆ ಶ್ರುತಿಯೂ ಏರುತ್ತದೆ.) ಇಬ್ಬರೂ ಕೂತು 5ಕ್ಕೆ ಇಟ್ಟರೆ ಗಂಡಸರು ಹೆಂಗಸರ ಸ್ಥಾಯಿಯಲ್ಲೇ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ ಒಂದು ಸ್ಥಾಯಿ) ಹಾಡಲು ಹೋಗಿ ಮೇಲಿನ ಷಡ್ಜದಲ್ಲಿ, ಅಂದರೆ ಮೇಲಿನ ‘ಸ’ದಲ್ಲಿ, ಕಿರುಚುತ್ತಾರೆ. 1ಕ್ಕೆ ಇಳಿಸಿದರೆ ಹೆಂಗಸರ ಕೆಳಗಿನ ಸ್ವರಗಳು ಬರೀ ಗಾಳಿ. ಮೇಲಿನ ಷಡ್ಜದ ಆಚೆ ಹೋಗದ ಹಾಡುಗಳಿಗೆ 6ರ ಆಸುಪಾಸು ಇಟ್ಟು, ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡುವುದು ಮೇಲು. ಹಾಡಿನ ಅತಿ ಎತ್ತರದ ಸಾಲನ್ನು ಮೆತ್ತಗೆ ಹಾಡಿಸಿ ನೋಡಿ. ಯಾರಾದರೂ ಗದ್ದ ಎತ್ತಿದರೆ ಅರ್ಧ ಮನೆ ಇಳಿಸಿ.

ಪೆಟ್ಟಿಗೆ ಗೆಲ್ಲುವುದು ಇಲ್ಲೇ. ಹಾರ್ಮೋನಿಯಂನಲ್ಲಿ ಶ್ರುತಿ ಬದಲಿಸಿದರೆ ನುಡಿಸುವವರ ಬೆರಳೂ ಬದಲಾಗಬೇಕು. ಇದರಲ್ಲಿ ಗುಂಡಿ ತಿರುಗಿಸಿದರೆ ಆಯಿತು. ಬೆಂಗಳೂರಿನ ರಾಡೆಲ್ ಕಂಪನಿಯ ಜಿ. ರಾಜನಾರಾಯಣ್ ಎಂಜಿನಿಯರ್ ಜೊತೆಗೆ ಕೊಳಲುವಾದಕರೂ ಹೌದು; ಇಂಥ ಉಪಕರಣಗಳು ಮನೆಮನೆಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಯಾವ ಕಂಪನಿಯದೇ ಕೊಂಡರೂ ಸೂಕ್ಷ್ಮ ಹೊಂದಾಣಿಕೆಯ ಗುಂಡಿ ಇದೆಯೇ ನೋಡಿ. ಅದಿಲ್ಲದೆ ಸ್ವಲ್ಪ ಏರಿಯೋ ಇಳಿದೋ ಇರುವ ಹಳೆಯ ಹಾರ್ಮೋನಿಯಂ ಜೊತೆ ಕೂಡಿಸಲಾಗದು.

ಷಡ್ಜದ ಜೊತೆ ಪಂಚಮ (ಪ) ಕೇಳಬೇಕೋ ಮಧ್ಯಮ (ಮ) ಕೇಳಬೇಕೋ ಅಂತ ಆರಿಸುವ ಪಂಚಮ–ಮಧ್ಯಮದ ಸ್ವಿಚ್ಚನ್ನು ಮಂಡಳಿಗಳು ಮುಟ್ಟುವುದೇ ಅಪರೂಪ. ಹಿಂದೋಳ ರಾಗದಲ್ಲಿ ಪಂಚಮವೇ ಇಲ್ಲ. ಆದರೂ ಪಂಚಮ ಗುಂಯ್‌ಗುಟ್ಟುತ್ತಿದ್ದರೆ ಹಾಡು ಮಧ್ಯಮಕ್ಕೆ ಬಂದು ನಿಂತಾಗೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ದೊಡ್ಡ ಕೊರತೆ ಸ್ಪೀಕರ್‌ನದು. ಹತ್ತು ಹನ್ನೆರಡು ಜನ ದಾಟಿದರೆ, ಅದರ ಮೇಲೆ ತಾಳವೂ ಸೇರಿದರೆ, ಹಿಂದಿನ ಸಾಲಿಗೆ ಏನೂ ಕೇಳದು. ಅವರು ಪಕ್ಕದವರ ಶ್ರುತಿ ಹಿಡಿದು ಮೆಲ್ಲಗೆ ಜಾರುತ್ತಾರೆ. ಜಮಖಾನದ ಮೇಲಿಡದೆ ಸ್ಟೂಲಿನ ಮೇಲೆ, ಕೂತವರ ಕಿವಿಯ ಮಟ್ಟಕ್ಕಿಡಿ. ಆಂಪ್ಲಿಫಯರ್‌ಗೆ ತಂತಿ ಹಾಕುವ ಕಿಂಡಿ ಇರುವ ಮಾಡೆಲ್ಲನ್ನೇ ಕೊಳ್ಳಿ. ಮೊಬೈಲ್ ಆ್ಯಪ್ ಒಬ್ಬರ ಅಭ್ಯಾಸಕ್ಕೆ ಸಾಕು. ಗುಂಪಿಗೆ ಸಾಲದು: ಫೋನಿನ ಸ್ಪೀಕರ್‌ನಲ್ಲಿ ಮಂದ್ರ ಷಡ್ಜ, ಅಂದರೆ ಕೆಳಗಿನ ‘ಸ’, ಸರಿಯಾಗಿ ಹೊರಡುವುದೇ ಇಲ್ಲ, ಮಂಗಳಾರತಿಯ ಹೊತ್ತಿಗೇ ಕರೆ ಬರುತ್ತದೆ.

ಹಳೆಯ ಅನಲಾಗ್ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕರೂ ಬಿಸಿಯಾದಂತೆ ಶ್ರುತಿ ಸರಿಯಬಹುದು. ಕೊಳ್ಳುವ ಮೊದಲು ಅರ್ಧ ಗಂಟೆ ನಡೆಸಿ, ಹಾರ್ಮೋನಿಯಂ ಜೊತೆ ತಾಳೆ ನೋಡಿ. ಸೆಲ್ ಹಾಕುವ ಪೆಟ್ಟಿಗೆಯಾದರೆ, ಶ್ರಾವಣ, ನವರಾತ್ರಿ ಮುಗಿಸಿ ಎತ್ತಿಡುವಾಗ ಸೆಲ್ ತೆಗೆದಿಡಿ. ಸೋರಿದರೆ ಮೊದಲು ಕೊಳೆಯುವುದು ಸ್ಪ್ರಿಂಗು.