ರೋಟರಿ, ಲಯನ್ಸ್, ಜೇಸಿ, ಊರಿನ ಯುವಕ ಸಂಘ: ಯಾವುದಕ್ಕೆ ಸೇರೋದು?

ಬ್ಯಾಂಕ್ ಕೆಲಸ ಅಂದಮೇಲೆ ವರ್ಗಾವಣೆ ತಪ್ಪಿದ್ದಲ್ಲ. ಹೊಸ ಊರು, ಬಾಡಿಗೆ ಮನೆ, ಗುರುತು ಪರಿಚಯದವರು ಒಬ್ಬರೂ ಇರುವುದಿಲ್ಲ. ಹಾಗಾಗಿ ಹೋದಲ್ಲೆಲ್ಲ ಒಂದು ಸೇವಾ ಕ್ಲಬ್ಬಿಗೆ ಸೇರಿಕೊಳ್ಳುವುದು ನನಗೆ ರೂಢಿಯಾಯಿತು. ಮೊದಲು ಜೇಸಿ, ಆಮೇಲೆ ರೋಟರಿ, ಈಗ ಲಯನ್ಸ್. ಮಲೆನಾಡಿನ ನಮ್ಮ ಹಳ್ಳಿಯ ಯುವಕ ಸಂಘ ಬೇರೆ ಇದೆ, ಅದನ್ನಂತೂ ಬಿಡುವ ಹಾಗೇ ಇಲ್ಲ. ಬ್ರಾಂಚಿಗೆ ಹೊಸದಾಗಿ ಬಂದ ಹುಡುಗರು "ಸಾರ್, ಯಾವುದಕ್ಕೆ ಸೇರ್ಲಿ?" ಅಂತ ಕೇಳುತ್ತಾರೆ. ನಿನಗೆ ಬೇಕಾಗಿರೋದು ಸ್ನೇಹಿತರಾ, ಕೆಲಸಾನಾ, ಮೈಕಾ ಅಂತ ನಾನು ತಿರುಗಿ ಕೇಳುತ್ತೇನೆ.

ಮೈಕು ಬೇಕಾದವರಿಗೆ ಜೇಸಿ. ಬೇರೆ ಮಾತೇ ಇಲ್ಲ. 1915ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಯುವಕರ ಗುಂಪಾಗಿ ಹುಟ್ಟಿದ್ದು ಇದು. ಇವತ್ತಿಗೂ 18ರಿಂದ 40 ವರ್ಷದವರಿಗೆ ಮಾತ್ರ. ಸಭೆ ಜೇಸಿ ವಾಣಿಯಿಂದ, ಅಂದರೆ ಸಂಸ್ಥೆಯ ನಂಬಿಕೆಗಳನ್ನು ಹೇಳುವ ಸಾಲುಗಳಿಂದ, ಶುರುವಾಗುತ್ತದೆ. ನಮ್ಮ ಘಟಕದಲ್ಲಿ ವಾಣಿ ಓದಲು ಬೇಕಂತಲೇ ಹೊಸಬರನ್ನು ಎಬ್ಬಿಸುತ್ತಿದ್ದರು. ತರಬೇತಿಯಲ್ಲಿ ಹೇಳಿಕೊಡುತ್ತಿದ್ದದ್ದೂ ಚಿಕ್ಕಚಿಕ್ಕ ವಿಷಯಗಳೇ. ಮೈಕಿಗೆ ಬೆರಳಲ್ಲಿ ಬಡಿಯಬೇಡಿ. ಮೊದಲು ಎತ್ತರ ಸರಿ ಮಾಡಿಕೊಳ್ಳಿ. ವಂದನಾರ್ಪಣೆಗೆ ಎದ್ದರೆ ಶಾಮಿಯಾನದವನ ಹೆಸರನ್ನೂ ಬಿಡಬೇಡಿ. ಸೆಪ್ಟೆಂಬರಿನಲ್ಲಿ ಜೇಸಿ ಸಪ್ತಾಹ ಬಂದರೆ ವಾರವಿಡೀ ಕಾರ್ಯಕ್ರಮ, ಮನೆಗೆ ಬರುವುದು ನಿದ್ದೆಗೆ ಮಾತ್ರ. ಇವತ್ತು ಗ್ರಾಹಕರ ಸಭೆಯಲ್ಲಿ ನಾನು ತಡವರಿಸದೆ ಮಾತಾಡುತ್ತೇನೆ ಅಂದರೆ ಅದು ಜೇಸಿ ಕೊಟ್ಟದ್ದು. ಸೇವೆ ಅಂತ ಲೆಕ್ಕ ಹಾಕಿದರೆ ಮಾತ್ರ ಸ್ವಲ್ಪ ತೆಳು. ಕಲಿಯುವುದು ಜಾಸ್ತಿ, ಮಾಡುವುದು ಕಮ್ಮಿ. ನಲವತ್ತು ದಾಟುತ್ತಿದ್ದಂತೆ ಹಾರ ಹಾಕಿ ಕಳಿಸಿಕೊಡುತ್ತಾರೆ.

ರೋಟರಿಯಲ್ಲಿ ನನಗೆ ಸಿಕ್ಕಿದ್ದು ಜನ. 1905ರಲ್ಲಿ ಶಿಕಾಗೋದ ವಕೀಲ ಪಾಲ್ ಹ್ಯಾರಿಸ್ ಇದನ್ನು ಶುರು ಮಾಡಿದ್ದೇ ಬೇರೆ ಬೇರೆ ವೃತ್ತಿಯವರು ಒಟ್ಟಿಗೆ ಕೂರಲಿ ಅಂತ. ನಾನಿದ್ದ ಕ್ಲಬ್ಬಿನಲ್ಲಿ ಒಂದು ಕಡೆ ಮಕ್ಕಳ ಡಾಕ್ಟ್ರು, ಇನ್ನೊಂದು ಕಡೆ ಅಡಿಕೆ ಮಂಡಿಯವರು, ಎದುರಿಗೆ ಪ್ರಿಂಟಿಂಗ್ ಪ್ರೆಸ್ಸಿನವರು ಕೂರುತ್ತಿದ್ದರು. ವಾರಕ್ಕೊಂದು ಸಭೆ. ತಪ್ಪಿಸಿಕೊಂಡರೆ ಬೇರೆ ಊರಿನ ಕ್ಲಬ್ಬಿಗೆ ಹೋಗಿ ಹಾಜರಿ ತುಂಬಿಸಬಹುದಿತ್ತು. 2016ರಲ್ಲಿ ಈ ವಾರದ ನಿಯಮ ಸಡಿಲವಾಯಿತು. ನನ್ನಂಥ ಅಲೆಮಾರಿಗೆ ಮಾತ್ರ ಆ ಹಳೇ ಪದ್ಧತಿಯೇ ಚೆನ್ನಾಗಿತ್ತು. ಯಾವ ಊರಿಗೆ ಹೋದರೂ ಒಂದು ಕುರ್ಚಿ, ಒಂದು ಊಟ ಗ್ಯಾರಂಟಿ.

ರೋಟರಿಯ ಕೆಲಸ ದೊಡ್ಡದು, ಆದರೆ ನಿಧಾನ. ಪೋಲಿಯೋ ಓಡಿಸುವ ಯೋಜನೆಯನ್ನು ಅವರು ಕೈಗೆತ್ತಿಕೊಂಡಿದ್ದು 1985ರಲ್ಲಿ. ಭಾರತದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪೋಲಿಯೋಮುಕ್ತ ಅಂತ ಪ್ರಮಾಣಪತ್ರ ಬಂದದ್ದು 2014ರಲ್ಲಿ. ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ನಾವು ಬೂತ್‌ಗಳಿಗೆ ಬ್ಯಾನರ್ ಕಟ್ಟುತ್ತಿದ್ದೆವು, ತಿಂಡಿ ಮುಟ್ಟಿಸುತ್ತಿದ್ದೆವು, ಕಾರು ಕೊಡುತ್ತಿದ್ದೆವು. ಮಕ್ಕಳ ಬಾಯಿಗೆ ಹನಿ ಹಾಕಿ, ಎಡಗೈ ಕಿರುಬೆರಳಿಗೆ ಗುರುತು ಹಚ್ಚಿ, ಮಾರನೇ ದಿನ ಮನೆಮನೆ ಸುತ್ತಿದವರು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು. ಅವರನ್ನು ಮರೆತು ಬರೀ ಕ್ಲಬ್ಬನ್ನು ಹೊಗಳಿದರೆ ನ್ಯಾಯ ಅಲ್ಲ.

ಲಯನ್ಸ್‌ನಲ್ಲಿ ನಾನು ಉಳಿದುಕೊಂಡಿದ್ದಕ್ಕೆ ಕಾರಣ ಕಣ್ಣಿನ ಕ್ಯಾಂಪು. 1917ರಲ್ಲಿ ಮೆಲ್ವಿನ್ ಜೋನ್ಸ್ ಶುರು ಮಾಡಿದ ಸಂಸ್ಥೆ ಇದು. 1925ರಲ್ಲಿ ಹೆಲೆನ್ ಕೆಲ್ಲರ್ ಇವರ ಸಮಾವೇಶಕ್ಕೆ ಬಂದು, ಕಣ್ಣಿಲ್ಲದವರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಅಲ್ಲಿಂದ ಕಣ್ಣಿನ ಕೆಲಸ ಇವರಿಗೆ ಅಂಟಿಕೊಂಡಿತು.

ಕ್ಯಾಂಪಿನ ದಿನ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಬೆಂಚು ಜೋಡಿಸುತ್ತೇವೆ. ಡಾಕ್ಟ್ರು ಬರುವುದರೊಳಗೆ ಅಜ್ಜ ಅಜ್ಜಿಯರ ಸಾಲು ಗೇಟಿನವರೆಗೆ ಬೆಳೆದಿರುತ್ತದೆ. ನನ್ನದು ಚೀಟಿ ಬರೆಯುವ ಕೆಲಸ. ವಯಸ್ಸು ಕೇಳಿದರೆ "ನೀನೇ ಹಾಕ್ಕೋ ಮಗಾ" ಅನ್ನುತ್ತಾರೆ. ಪೊರೆ ಇದೆ ಅಂತಾದರೆ ಬಿಪಿ, ಶುಗರ್ ನೋಡಬೇಕು. ಶುಗರ್ ಜಾಸ್ತಿ ಬಂದರೆ ಆಪರೇಷನ್ ಮುಂದಕ್ಕೆ. ಮನೆಯವರನ್ನು ಒಪ್ಪಿಸಿ, ಬ್ಯಾಗು ಕಟ್ಟಿಕೊಂಡು ಬಂದವರಿಗೆ ಇದನ್ನು ಹೇಳುವುದು ಆ ದಿನದ ಕಷ್ಟದ ಕೆಲಸ. ಆಯ್ಕೆಯಾದವರಿಗೆ ಯಾವ ಕಣ್ಣು ಅಂತ ತಪ್ಪದಿರಲು ಹುಬ್ಬಿನ ಮೇಲೆ ಪ್ಲಾಸ್ಟರ್ ತುಂಡು ಅಂಟಿಸುತ್ತಾರೆ. ಓಲೆ, ಮೂಗುತಿ ಬಿಚ್ಚಿಸಿ ಜೊತೆಗೆ ಬಂದವರ ಕೈಗೆ ಕೊಡಿಸಿ, ವ್ಯಾನು ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತೇವೆ. ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ ಬಂದ ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಕಪ್ಪಗಿದ್ದೀಯ ಅಂತ ಗೊತ್ತೇ ಇರಲಿಲ್ಲ" ಅಂದರು. ಇಡೀ ಸಾಲು ನಕ್ಕಿತು.

ನಗುವಿಗೆ ಲಯನ್ಸ್ ಸಭೆಯಲ್ಲೂ ಬರ ಇಲ್ಲ. ಟೇಲ್ ಟ್ವಿಸ್ಟರ್ ಅಂತ ಒಂದು ಹುದ್ದೆಯೇ ಇದೆ. ಕ್ಲಬ್ಬಿನ ಪಿನ್ ಹಾಕದೆ ಬಂದವರಿಗೆ, ಸಭೆ ನಡುವೆ ಫೋನ್ ಬಡಿದವರಿಗೆ ಅವರು ದಂಡ ಹಾಕುತ್ತಾರೆ.

ಹೆಸರು ಬೇಡ, ಒಂದು ಕ್ಲಬ್ಬಿನ ನೋಟ್‌ಬುಕ್ ಹಂಚುವ ಕಾರ್ಯಕ್ರಮಕ್ಕೆ ಹೋಗಿದ್ದೆ. ವೇದಿಕೆ ಮೇಲೆ ಜಾಗ ಸಾಲದಷ್ಟು ಜನ. ಕೆಳಗೆ ಮಕ್ಕಳು ಬಿಸಿಲಲ್ಲಿ. ಒಂದು ನೋಟ್‌ಬುಕ್ಕನ್ನು ಎಂಟು ಕೈ ಹಿಡಿದುಕೊಂಡು ಫೋಟೋ. ಇಂಥದ್ದು ಯಾವ ಕ್ಲಬ್ಬಿನಲ್ಲಿ ಬೇಕಾದರೂ ಆಗಬಹುದು. ಅಧ್ಯಕ್ಷರು ಯಾರು ಅನ್ನುವುದರ ಮೇಲೆ ಹೋಗುತ್ತದೆ.

ದುಡ್ಡಿನ ವಿಷಯ ಮುಚ್ಚಿಟ್ಟು ಪ್ರಯೋಜನ ಇಲ್ಲ. ರೋಟರಿ, ಲಯನ್ಸ್ ಎರಡರಲ್ಲೂ ವಂತಿಗೆಯ ಒಂದು ಪಾಲು ಡಾಲರ್ ಲೆಕ್ಕದಲ್ಲಿ ಹೋಗುತ್ತದೆ. ಡಾಲರ್ ಏರಿದರೆ ನಮ್ಮ ಜೇಬಿಗೂ ಬಿಸಿ. ಪದಗ್ರಹಣ, ಗವರ್ನರ್ (ಸುತ್ತಲಿನ ಕ್ಲಬ್ಬುಗಳ ಮುಖ್ಯಸ್ಥರು) ಭೇಟಿ, ಜಿಲ್ಲಾ ಸಮ್ಮೇಳನ ಅಂತ ಖರ್ಚು ಬೇರೆ. ಪಾಲ್ ಹ್ಯಾರಿಸ್ ಫೆಲೋ ಅಥವಾ ಮೆಲ್ವಿನ್ ಜೋನ್ಸ್ ಫೆಲೋ ಅನ್ನುವ ಗೌರವ ಪಡೆಯಲು 1,000 ಡಾಲರ್ ದೇಣಿಗೆ. ಬಲವಂತ ಇಲ್ಲ, ಆದರೆ ಪಕ್ಕದವರೆಲ್ಲ ಕೊಟ್ಟಾಗ ಸುಮ್ನೆ ಕೂರೋದು ಕಷ್ಟ. ಜೇಸಿ ಇವೆರಡಕ್ಕಿಂತ ಅಗ್ಗ.

ಇನ್ನು ನಮ್ಮ ಯುವಕ ಸಂಘ. ವಂತಿಗೆ ಅಂದರೆ ಕೈಗೆ ಬಂದಷ್ಟು. ಪಿನ್ ಇಲ್ಲ, ಗವರ್ನರ್ ಇಲ್ಲ. ಮಳೆ ಹಿಂದಾದ ಮೇಲೆ ಹಳ್ಳಕ್ಕೆ ಕಟ್ಟ ಹಾಕುತ್ತೇವೆ. ಸಿಮೆಂಟಿನ ಖಾಲಿ ಚೀಲಕ್ಕೆ ಮರಳು ತುಂಬಿ, ಬಾಯಿ ಹೊಲಿದು, ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವುದು. ಮಧ್ಯೆ ಅವಲಕ್ಕಿ, ಚಹಾ. ಸಂಜೆ ಹೊತ್ತಿಗೆ ಸೊಂಟ ಹಿಡಿದಿರುತ್ತದೆ, ನೀರು ಮೊಣಕಾಲವರೆಗೆ ನಿಂತಿರುತ್ತದೆ. ಆ ದಿನದ ಹರಟೆ ಬೇರೆಲ್ಲೂ ಸಿಗುವುದಿಲ್ಲ. ತೊಂದರೆ ಏನಂದರೆ ಲೆಕ್ಕಪತ್ರ ಯಾರಿಗೂ ಬೇಡ, ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ. ಕಟ್ಟದ ಕೆಲಸಕ್ಕೆ ಬರುವವರಲ್ಲಿ ಈಗ ಐವತ್ತು ದಾಟಿದವರೇ ಜಾಸ್ತಿ.

ಮೂವತ್ತರ ಒಳಗಿನವರಿಗೆ ನಾನು ಜೇಸಿ ಅನ್ನುತ್ತೇನೆ. ಊರಿಗೆ ಹೊಸಬರಾಗಿದ್ದು, ವಾರಕ್ಕೊಂದು ಸಂಜೆ ಬಿಡುವಿದ್ದರೆ ರೋಟರಿ. ಕೈ ಕೊಳೆ ಮಾಡಿಕೊಳ್ಳುವ ಕೆಲಸವೇ ಬೇಕು ಅಂದರೆ ನನ್ನ ಮತ ಲಯನ್ಸ್‌ಗೆ, ನಿಮ್ಮ ಊರಿನ ಕ್ಲಬ್ಬು ಕ್ಯಾಂಪು ಮಾಡುವಂಥದ್ದಾಗಿದ್ದರೆ ಮಾತ್ರ. ಜೇಸಿಯ ವರ್ಷ ಜನವರಿಗೆ ಶುರು, ಉಳಿದೆರಡರದ್ದು ಜುಲೈ 1ಕ್ಕೆ. ಪದಗ್ರಹಣಕ್ಕೆ ಕರೆದರೆ ಹೋಗಿ ಊಟ ಮಾಡಿ ಬನ್ನಿ. ಆದರೆ ಅರ್ಜಿಗೆ ಸಹಿ ಹಾಕುವ ಮುಂಚೆ ಅವರದೇ ಒಂದು ಕೆಲಸಕ್ಕೆ ಜೊತೆಗೆ ಹೋಗಿ, ಬೆಂಚು ಎತ್ತಿಡುವಾಗ ಎಷ್ಟು ಜನ ಉಳಿದಿರುತ್ತಾರೆ ನೋಡಿಕೊಳ್ಳಿ.