ಟೋಕಿಯೊದ ವಾರ್ಡ್ ಕ್ರೀಡಾ ಕೇಂದ್ರ: ಶಾಂತಳ್ಳಿಯವನೊಬ್ಬನ ಎರಡು ವರ್ಷಗಳ ಅನುಭವ

ಕಾಫಿ ಕೊಯ್ಲಿನ ಹೊತ್ತಿಗೆ ರಜೆ ಹೊಂದಿಸಿಕೊಂಡು ಕೊಡಗಿನ ಶಾಂತಳ್ಳಿಯ ಮನೆಗೆ ಬಂದ ಮರುದಿನವೇ ನೆಂಟರ ಹುಡುಗನೊಬ್ಬ ಬಂದು ಕುಳಿತ. ಏಪ್ರಿಲ್‌ನಲ್ಲಿ ಅವನು ಕೆಲಸಕ್ಕೆಂದು ಟೋಕಿಯೊಗೆ ಹೊರಡಲಿದ್ದಾನೆ. ಸಂಬಳ, ಬಾಡಿಗೆ, ಊಟದ ಸಂಗತಿಯನ್ನೆಲ್ಲ ಮೊದಲೇ ವಿಚಾರಿಸಿಕೊಂಡಿದ್ದ ಅವನಿಗೆ ಉಳಿದಿದ್ದದ್ದು ಒಂದೇ ಪ್ರಶ್ನೆ: ಅಲ್ಲಿ ವ್ಯಾಯಾಮಕ್ಕೆ ಎಲ್ಲಿಗೆ ಸೇರಬೇಕು? ಅವನಿಗೆ ಹೇಳಿದ್ದನ್ನೇ, ಅವನಂತೆ ಊರು ಬಿಟ್ಟು ಹೊರಡುವ ಇತರರಿಗೂ ಉಪಯೋಗವಾಗಲಿ ಎಂದು, ಇಲ್ಲಿ ಬರೆಯುತ್ತಿದ್ದೇನೆ. ನಾನು ಎರಡು ವರ್ಷಗಳಿಂದ ಹೋಗುತ್ತಿರುವುದು ನನ್ನ ವಾರ್ಡಿನ ಸಾರ್ವಜನಿಕ ಕ್ರೀಡಾ ಕೇಂದ್ರಕ್ಕೆ.

ಊರಿನಲ್ಲಿದ್ದಾಗ ನಾನು ವ್ಯಾಯಾಮ ಎಂದು ಬೇರೆಯಾಗಿ ಏನನ್ನೂ ಮಾಡಿದವನಲ್ಲ. ಮನೆಯಿಂದ ತೋಟಕ್ಕೆ ಇಳಿಯುವುದು, ತೋಟದಿಂದ ಮನೆಗೆ ಹತ್ತುವುದು, ಮೆಣಸಿನ ಬಳ್ಳಿಗೆ ಏಣಿ ಹಾಕುವುದು, ವರ್ಷಕ್ಕೊಮ್ಮೆ ಗೆಳೆಯರೊಂದಿಗೆ ಪುಷ್ಪಗಿರಿಯ 1,712 ಮೀಟರ್ ಏರುವುದು, ಇಷ್ಟರಲ್ಲೇ ಮೈ ಹದವಾಗಿರುತ್ತಿತ್ತು. ಟೋಕಿಯೊದಲ್ಲಿ ಮೊದಲ ವರ್ಷ ಕಳೆಯುವಷ್ಟರಲ್ಲಿ ಆ ಹದ ತಪ್ಪಿತು. ಜಪಾನಿನಲ್ಲಿ ಕಾಯಂ ನೌಕರರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸುವುದು ಕಾನೂನಿನ ಪ್ರಕಾರ ಮಾಲೀಕರ ಹೊಣೆ. 2008ರಿಂದ 40 ದಾಟಿದವರ ಸೊಂಟದ ಸುತ್ತಳತೆಯನ್ನೂ ಅಳೆಯುತ್ತಾರೆ, ಗಂಡಸರಿಗೆ 85 ಸೆಂಟಿಮೀಟರ್ ಗಡಿ. ನನಗೆ ಆಗ 41 ವರ್ಷ, ಅಳತೆ ಪಟ್ಟಿ 91 ತೋರಿಸಿತು. ನರ್ಸ್ ಏನೂ ಹೇಳದೆ ಆ ಅಂಕಿಯನ್ನು ಬರೆದುಕೊಂಡರು. ಅಂದು ಸಂಜೆಯೇ ನಾನು ಜಿಮ್ ಹುಡುಕಲು ಹೊರಟೆ.

ಅವಸರದಲ್ಲಿ ಮಾಡಿದ ಮೊದಲ ಆಯ್ಕೆ ತಪ್ಪಾಯಿತು. ರೈಲು ನಿಲ್ದಾಣದ ಪಕ್ಕದಲ್ಲಿದ್ದ ಖಾಸಗಿ ಜಿಮ್ ಒಂದರಲ್ಲಿ ಸೇರ್ಪಡೆ ಶುಲ್ಕವಿಲ್ಲ ಎಂಬ ಜಾಹೀರಾತು ನೋಡಿ ಸಹಿ ಹಾಕಿದೆ. ಕನಿಷ್ಠ ಆರು ತಿಂಗಳು ಬಿಡುವಂತಿಲ್ಲ, ಬಿಡುವುದಾದರೆ ಆ ತಿಂಗಳ 10ನೇ ತಾರೀಖಿನೊಳಗೆ ಖುದ್ದಾಗಿ ಬಂದು ಅರ್ಜಿ ಕೊಡಬೇಕು ಎಂಬ ಷರತ್ತುಗಳು ಜಪಾನೀ ಭಾಷೆಯ ಸಣ್ಣ ಅಕ್ಷರಗಳಲ್ಲಿದ್ದವು, ಅವು ನನ್ನ ಕಣ್ಣಿಗೆ ಬೀಳಲಿಲ್ಲ. ಯಂತ್ರಗಳು ಚೆನ್ನಾಗಿಯೇ ಇದ್ದವು. ಆದರೆ ಎಲ್ಲರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಂದು ಹಾಗೆಯೇ ಹೋಗುತ್ತಿದ್ದರು. ನಾನು ಒಂದು ವಾರ ಬಾರದಿದ್ದರೆ ಗಮನಿಸುವವರು ಯಾರೂ ಇರಲಿಲ್ಲ, ಹಾಗಾಗಿ ಮೂರನೆಯ ತಿಂಗಳಿನಿಂದ ನಾನು ಹೋಗುವುದನ್ನೇ ಬಿಟ್ಟೆ. ಹಣ ಮಾತ್ರ ಆರು ತಿಂಗಳೂ ಹೋಯಿತು.

ವಾರ್ಡ್ ಕೇಂದ್ರದ ಬಗ್ಗೆ ತಿಳಿದದ್ದು ಆ ನಂತರ. ಟೋಕಿಯೊದಲ್ಲಿ 23 ವಿಶೇಷ ವಾರ್ಡುಗಳಿವೆ, ಒಂದೊಂದೂ ತನ್ನದೇ ಆಡಳಿತವಿರುವ ಪುಟ್ಟ ನಗರದಂತೆ. ಹೊಸ ಮನೆಗೆ ಬಂದ 14 ದಿನಗಳೊಳಗೆ ವಾರ್ಡ್ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಅಲ್ಲಿ ಕಸ ವಿಂಗಡಣೆಯ ಪಟ್ಟಿಯಂತಹ ಹಲವು ಕಾಗದಗಳನ್ನು ಕೈಗಿಡುತ್ತಾರೆ. ಕ್ರೀಡಾ ಕೇಂದ್ರದ ಕರಪತ್ರವೂ ಆ ಕಟ್ಟಿನಲ್ಲಿಯೇ ಇತ್ತು, ನಾನು ಒಂದು ವರ್ಷ ಅದನ್ನು ಬಿಡಿಸಿಯೇ ನೋಡಿರಲಿಲ್ಲ.

ಇಲ್ಲಿ ಸದಸ್ಯತ್ವದ ಕರಾರು ಎಂಬುದಿಲ್ಲ. ಬಾಗಿಲ ಬಳಿಯ ಯಂತ್ರಕ್ಕೆ ನಾಣ್ಯ ಹಾಕಿ, ಗುಂಡಿ ಒತ್ತಿ, ರೈಲಿನ ಟಿಕೆಟ್‌ನಂತಹ ಚೀಟಿ ಪಡೆದು ಕೌಂಟರಿನಲ್ಲಿ ಕೊಟ್ಟರೆ ಆಯಿತು. ನಮ್ಮ ಕೇಂದ್ರದಲ್ಲಿ ಒಂದು ಬಾರಿಗೆ 400 ಯೆನ್, ನಮ್ಮ ಲೆಕ್ಕದಲ್ಲಿ 200 ರೂಪಾಯಿಗಿಂತ ತುಸು ಹೆಚ್ಚು. ಹೋದ ದಿನಕ್ಕೆ ಮಾತ್ರ ದುಡ್ಡು, ಹೋಗದ ದಿನಕ್ಕಿಲ್ಲ. ಮೊದಲ ದಿನ ಯಂತ್ರಗಳನ್ನು ಬಳಸುವ ಬಗೆಯನ್ನು ತಿಳಿಸುವ ಕಡ್ಡಾಯ ತರಗತಿಯೊಂದಿತ್ತು. ಅದಕ್ಕೆ ಹೋದವನನ್ನು ಬಾಗಿಲಲ್ಲೇ ನಿಲ್ಲಿಸಿದ ಸಿಬ್ಬಂದಿ, ನನ್ನ ಶೂಗಳತ್ತ ನೋಡಿ ವಿನಯದಿಂದ ತಲೆಬಾಗಿಸಿದರು. ಬೀದಿಯಲ್ಲಿ ತೊಟ್ಟ ಶೂ ಒಳಗೆ ಸಲ್ಲದು, ಒಳಾಂಗಣಕ್ಕೆಂದೇ ಬೇರೆ ಜೊತೆ ಇರಬೇಕು. ಮಳೆಗಾಲದಲ್ಲಿ ಕೆಸರಿನ ಚಪ್ಪಲಿಯನ್ನು ಜಗಲಿಯ ಕೆಳಗೇ ಬಿಡಿಸುತ್ತಿದ್ದ ಅಜ್ಜಿಯ ಮೊಮ್ಮಗನಾದ ನನಗೆ ಈ ನಿಯಮ ಹೊರೆ ಎನಿಸಲಿಲ್ಲ. ಮರುದಿನ ಹೊಸ ಜೊತೆಯೊಂದಿಗೆ ಹೋದಾಗ, ಅದೇ ಸಿಬ್ಬಂದಿ ಶೂಗಳ ಅಡಿಭಾಗವನ್ನು ತಿರುಗಿಸಿ ನೋಡಿ, ನಕ್ಕು, ಒಳಗೆ ಬಿಟ್ಟರು.

ಕೊರತೆಗಳಿಲ್ಲವೆಂದಲ್ಲ. ಸಂಜೆ ಏಳರ ನಂತರ ಟ್ರೆಡ್‌ಮಿಲ್‌ಗೆ ಹೆಸರು ಬರೆಸಿ ಕಾಯಬೇಕು, ಸಿಕ್ಕರೂ ಅರ್ಧ ಗಂಟೆಗೆ ಇಳಿಯಬೇಕು. ಭಾರದ ಡಂಬೆಲ್‌ಗಳು ಕಡಿಮೆ, ದೇಹದಾರ್ಢ್ಯದಲ್ಲಿ ಆಸಕ್ತಿ ಇರುವವರಿಗೆ ಇದು ಸಾಲದು. ಸೂಚನಾ ಫಲಕಗಳೆಲ್ಲ ಜಪಾನೀ ಭಾಷೆಯಲ್ಲಿವೆ. ಈಜುಕೊಳದಲ್ಲಿ ಟೋಪಿ ಕಡ್ಡಾಯ, ಮತ್ತು ಗಂಟೆಗೊಮ್ಮೆ ಸೀಟಿ ಊದಿ ಎಲ್ಲರನ್ನೂ ನೀರಿನಿಂದ ಮೇಲೆ ಕರೆದು ಕೆಲವು ನಿಮಿಷ ಕೂರಿಸುತ್ತಾರೆ. ಲಯ ಹಿಡಿದು ಈಜುವವರಿಗೆ ಇದು ಕಿರಿಕಿರಿಯೇ. ಆದರೆ ನನಗೆ ಮೊದಲು ಪರಿಚಯವಾದವರೆಲ್ಲ ದಡದ ಬೆಂಚಿನ ಮೇಲೆ ಹಾಗೆ ಒದ್ದೆ ಮೈಯಲ್ಲಿ ಕೂತಿದ್ದಾಗಲೇ ಆದವರು.

ಅವರಲ್ಲೊಬ್ಬ ನಿವೃತ್ತ ಹಿರಿಯರು ನನ್ನನ್ನು ಕೇಂದ್ರದ ಪಕ್ಕದ ಉದ್ಯಾನಕ್ಕೆ ಬೆಳಗಿನ ರೇಡಿಯೊ ತೈಸೊಗೆ ಕರೆದರು. ರೇಡಿಯೊದಲ್ಲಿ ಬರುವ ಪಿಯಾನೊ ಸಂಗೀತಕ್ಕೆ ಎಲ್ಲರೂ ಒಟ್ಟಾಗಿ ಮಾಡುವ ಈ ಕಸರತ್ತು 1928ರಲ್ಲಿ ಆರಂಭವಾಗಿ, ಯುದ್ಧದ ನಂತರ ಕೆಲಕಾಲ ನಿಂತು, 1951ರಲ್ಲಿ ಈಗಿನ ರೂಪದಲ್ಲಿ ಮರಳಿ ಬಂತು. ಅದರ ಜೊತೆಗೆ ಕಸರತ್ತಿನ ಎರಡನೆಯ ಸರಣಿ ಸೇರಿದ್ದು 1952ರಲ್ಲಿ. ಒಂದೊಂದರಲ್ಲಿ 13 ಚಲನೆಗಳು, ಬೆಳಿಗ್ಗೆ 6:30ಕ್ಕೆ ಆರಂಭವಾದರೆ ಹತ್ತು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಮೊದಲ ಸರಣಿಯಲ್ಲಿ ಎರಡೂ ಕೈಗಳನ್ನು ಮುಂದಿನಿಂದ ಮೇಲಕ್ಕೆತ್ತಿ ಬೆನ್ನನ್ನು ನೀಳವಾಗಿ ಚಾಚುವುದು ಮೊದಲ ಚಲನೆ, ದೀರ್ಘವಾಗಿ ಉಸಿರೆಳೆದು ಬಿಡುವುದು ಕೊನೆಯದು. ಬೇಸಿಗೆ ರಜೆಯಲ್ಲಿ ಮಕ್ಕಳು ಕತ್ತಿಗೆ ಕಾರ್ಡ್ ನೇತುಹಾಕಿಕೊಂಡು ಬಂದು, ಪ್ರತಿದಿನದ ಹಾಜರಿಗೆ ಮುದ್ರೆ ಒತ್ತಿಸಿಕೊಂಡು ಓಡುತ್ತಾರೆ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು 6:50ರ ಸುಮಾರಿಗೆ, ಆದ್ದರಿಂದ ಮಬ್ಬುಗತ್ತಲಲ್ಲಿ, ಬಾಯಿಂದ ಹೊಗೆಯಂತೆ ಉಸಿರು ಬಿಡುತ್ತ ಕೈ ಎತ್ತಬೇಕು. ನನಗೆ ಜ್ವರ ಬಂದು ನಾಲ್ಕು ದಿನ ಹೋಗದೆ ಇದ್ದಾಗ, ಐದನೆಯ ದಿನ ಆ ಹಿರಿಯರು ಎರಡು ಕಿತ್ತಳೆಗಳನ್ನು ಚೀಲದಲ್ಲಿಟ್ಟುಕೊಂಡು ಕಾದಿದ್ದರು. ಕೊಡಗಿನವನಿಗೆ ಕಿತ್ತಳೆ ಕೊಟ್ಟದ್ದು ಎಂಥ ಉಪಚಾರವೆಂದು ಅವರಿಗೆ ತಿಳಿದಿರಲಾರದು, ನನಗಂತೂ ಗಂಟಲು ಕಟ್ಟಿತು.

ಬೆಟ್ಟದ ಹಂಬಲ ಇದ್ದವರು ಟೋಕಿಯೊದ ಶಿಂಜುಕು ನಿಲ್ದಾಣದಿಂದ ರೈಲು ಹಿಡಿದು ಸುಮಾರು ಒಂದು ಗಂಟೆಯಲ್ಲಿ ತಕಾವೊ ಬೆಟ್ಟದ ಬುಡ ತಲುಪಬಹುದು. ಅದರ ಎತ್ತರ 599 ಮೀಟರ್ ಮಾತ್ರ, ಮಡಿಕೇರಿ ಪೇಟೆಯೇ ಅದಕ್ಕಿಂತ ಬಹಳ ಎತ್ತರದಲ್ಲಿದೆ. ಆದರೂ ತಿಂಗಳಿಗೊಮ್ಮೆ ಕಾಲಿಗೆ ಏರಿನ ನೆನಪು ಮಾಡಿಸಲು ಅಷ್ಟು ಸಾಕು.

ಮೊನ್ನೆ ಹುಡುಗ ನನ್ನ ಅಳತೆ ಕೇಳಿದ. ಕಳೆದ ತಪಾಸಣೆಯಲ್ಲಿ 86 ಬಂದಿತ್ತು, ಗಡಿಯೊಳಗೆ ಬರಲು ಇನ್ನೂ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬಾಕಿ ಇದೆ. ಯಂತ್ರಗಳ ದೃಷ್ಟಿಯಿಂದ ಐದಕ್ಕೆ ಮೂರು, ಬೆಲೆಗೆ ಐದಕ್ಕೆ ಐದು, ಊರು ಬಿಟ್ಟು ಬಂದವನನ್ನು ದಿನಚರಿಯೊಂದಕ್ಕೆ ಒಗ್ಗಿಸುವ ವಿಷಯದಲ್ಲಿಯೂ ಐದಕ್ಕೆ ಐದು ಅಂಕ ಕೊಡುತ್ತೇನೆ ಎಂದು ಅವನಿಗೆ ಹೇಳಿದೆ. ಅಡಿ ಸವೆಯದ ಒಂದು ಜೊತೆ ಶೂ ಮತ್ತು ಈಜುಟೋಪಿಯನ್ನು ಇಲ್ಲಿಂದಲೇ ಒಯ್ಯುವಂತೆಯೂ, ವಾರ್ಡ್ ಕಚೇರಿಯಲ್ಲಿ ಕೊಡುವ ಕಾಗದದ ಕಟ್ಟನ್ನು ಮೊದಲ ದಿನವೇ ಬಿಡಿಸಿ ನೋಡುವಂತೆಯೂ ತಿಳಿಸಿದೆ.

ಟೋಕಿಯೊದ 6:30 ಎಂದರೆ ಇಲ್ಲಿ ನಸುಕಿನ 3 ಗಂಟೆ. ಅದಕ್ಕಾಗಿ ಇಲ್ಲಿ ಫೋನಿನಲ್ಲಿ ರೇಡಿಯೊ ತೈಸೊದ ಧ್ವನಿಮುದ್ರಣ ಹಾಕಿಕೊಂಡು, ಕೊಯ್ಲಿನವರು ಬರುವ ಮೊದಲು ಕಾಫಿ ಕಣದ ಅಂಚಿನಲ್ಲಿ ನಿಂತು ಮಾಡುತ್ತಿದ್ದೇನೆ. ನಿನ್ನೆಯಿಂದ ಅಮ್ಮನೂ ಪಕ್ಕದಲ್ಲಿ ನಿಂತು ಮೊದಲ ಚಲನೆಯಷ್ಟನ್ನು ಮಾಡಿ ಒಲೆಯ ಕಡೆ ಹೋಗುತ್ತಾರೆ. ಹೊಸ ವರ್ಷದ ರಜೆ ಮುಗಿಸಿ ಕೇಂದ್ರ ಜನವರಿ 4ಕ್ಕೆ ಬಾಗಿಲು ತೆರೆಯುತ್ತದೆ, ಅಂದು ಸಂಜೆಗೆ ನಾನೂ ಅಲ್ಲಿರುತ್ತೇನೆ.