ಕುರಿ ಸಾಕುವವರ ಮನೆಯಿಂದ ಬಾರ್ಡರ್ ಕೋಲಿ ಮರಿ ತಂದ ನನ್ನ ಅನುಭವ

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿರುವ ನಮ್ಮ ಕನ್ನಡದವರು ನಾಲ್ಕೈದು ಜನ ಕೇಳಿದ್ದರು, ನಿಮ್ಮ ಬಾರ್ಡರ್ ಕೋಲಿ ನಾಯಿ ಚುಕ್ಕಿನ ಎಲ್ಲಿಂದ ತಂದ್ರಿ, ನಮಗೂ ಅಂಥದ್ದೇ ಮರಿ ಸಿಗುತ್ತಾ ಅಂತ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳುವ ಬದಲು ಇಲ್ಲೇ ಬರೀತಿದ್ದೀನಿ. ಕೊಟ್ಟವರ ಹೆಸರು, ಊರು ಹಾಕುವುದಿಲ್ಲ, ಬೇಡ ಅಂತ ಅವರೇ ಹೇಳಿದ್ದಾರೆ. ನಾರ್ಥಂಬರ್‌ಲ್ಯಾಂಡ್ ಅನ್ನುವ ಪಕ್ಕದ ಜಿಲ್ಲೆಯಲ್ಲಿ ಸಣ್ಣದೊಂದು ಕುರಿ ಫಾರ್ಮ್ ನಡೆಸುವ ಗಂಡ ಹೆಂಡತಿ. ಎರಡು ಮೂರು ವರ್ಷಕ್ಕೆ ಒಂದು ಸಲ ಮನೆಯ ನಾಯಿಗೆ ಮರಿ ಹಾಕಿಸುತ್ತಾರೆ, ಅದೂ ಯಾಕೆ ಅಂದರೆ ಫಾರ್ಮಿನ ಕೆಲಸಕ್ಕೆ ತಮಗೇ ಒಂದು ಮರಿ ಬೇಕಾದಾಗ. ಉಳಿದ ಮರಿಗಳನ್ನು ಕೊಡುತ್ತಾರೆ. ನನಗೆ ಸಿಕ್ಕಿದ್ದು ಹಾಗೆ ಉಳಿದದ್ದರಲ್ಲಿ ಒಂದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ತಾವು ಹತ್ತು ವರ್ಷ ಜೊತೆಗಿಟ್ಟುಕೊಳ್ಳುವ ನಾಯಿಗಾಗಿ ಜೋಡಿ ಹುಡುಕುವವರು ಯಾವುದನ್ನೂ ಅಸಡ್ಡೆ ಮಾಡುವುದಿಲ್ಲ.

ನಾನು ಚಳ್ಳಕೆರೆ ಕಡೆಯವನು. ಅಪ್ಪ ಕುರಿ ಕಾದವರು. ರೊಪ್ಪದ ಹತ್ತಿರ ಯಾವಾಗಲೂ ಮೂರ್ನಾಲ್ಕು ನಾಯಿ ಇರುತ್ತಿದ್ದವು. ರಾತ್ರಿ ತೋಳ ಸುಳಿದರೆ ಎದ್ದು ಬೊಗಳೋದು, ಅಡ್ಡ ನಿಲ್ಲೋದು ಅವುಗಳ ಕೆಲಸ. ಕುರಿ ತಿರುಗಿಸೋದು, ಒಟ್ಟು ಮಾಡೋದು ಅಪ್ಪನ ಬಾಯಿ ಮತ್ತು ಕೋಲಿನ ಕೆಲಸ. ಇಲ್ಲಿ ಆ ಕೆಲಸಾನೂ ನಾಯಿಯೇ ಮಾಡುತ್ತೆ. ಮೊದಲ ಸಲ ಆ ಫಾರ್ಮಿಗೆ ಹೋದಾಗ ಮರಿಗಳಿನ್ನೂ ಇರಲಿಲ್ಲ, ತಾಯಿ ನೆಲ್ ಬೆದೆಗೂ ಬಂದಿರಲಿಲ್ಲ. ಮರಿ ಆಮೇಲೆ ನೋಡೋಣ, ಮೊದಲು ತಾಯಿನ ನೋಡಿ ಅಂತ ಹೇಳಿ ಅವಳನ್ನು ಗುಡ್ಡದ ಕಡೆ ಬಿಟ್ಟರು. ಮೇಲೆ ಮೂವತ್ತರಷ್ಟು ಚೆವಿಯಟ್ ತಳಿಯ ಕುರಿ ಮೇಯ್ತಿದ್ದವು. ಅವರು ‘ಕಮ್ ಬೈ’ ಅಂದರು, ಅಂದರೆ ಕುರಿಗಳ ಸುತ್ತ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಹೋಗು ಅಂತ. ನೆಲ್ ದೊಡ್ಡ ಸುತ್ತು ಹಾಕಿ ಹಿಂದೆ ಹೋದಳು, ತಲೆಯನ್ನು ಭುಜಕ್ಕಿಂತ ಕೆಳಗೆ ಇಳಿಸಿದಳು, ಮುಂಗಾಲೊಂದನ್ನು ಎತ್ತಿದವಳು ಹಾಗೇ ನಿಂತುಬಿಟ್ಟಳು. ಬೊಗಳಲಿಲ್ಲ, ಬರೀ ನೋಡಿದಳು. ಒಂದು ಕುರಿ ಕಾಲು ಕುಟ್ಟಿತು, ನೆಲ್ ಅಲುಗಲಿಲ್ಲ. ಆಮೇಲೆ ಆ ಕುರಿ ತಿರುಗಿತು, ಅದರ ಹಿಂದೆ ಇಡೀ ಹಿಂಡು ನಮ್ಮ ಕಡೆ ಇಳಿದು ಬಂತು. ಅಪ್ಪನಿಗೆ ವಿಡಿಯೋ ಕಳಿಸಿದೆ. ‘ಕೂಗಲಿಲ್ಲ, ಕಚ್ಚಲಿಲ್ಲ, ಅದೆಂಗೋ ಬಂದವು?’ ಅಂತ ಕೇಳಿದರು, ಮತ್ತೆ ಎರಡು ಸಲ ಅದನ್ನೇ ಹಾಕಿಸಿಕೊಂಡು ನೋಡಿದರಂತೆ.

ಆ ಊರುಗಳಿಗೆ ಈ ನಾಯಿ ಹೊರಗಿನದಲ್ಲ. ಈಗಿನ ಬಾರ್ಡರ್ ಕೋಲಿಗಳ ಮೂಲಪುರುಷ ಅಂತ ಹೇಳುವ ಓಲ್ಡ್ ಹೆಂಪ್ 1893ರಲ್ಲಿ ಹುಟ್ಟಿದ್ದು ನಾರ್ಥಂಬರ್‌ಲ್ಯಾಂಡಿನಲ್ಲೇ, ಆಡಮ್ ಟೆಲ್ಫರ್ ಅನ್ನುವವರ ಹತ್ತಿರ. ಅದರ ತಂದೆ ಸಲಿಗೆಯ ನಾಯಿ, ಕುರಿಯನ್ನು ದಿಟ್ಟಿಸಿ ನಿಲ್ಲಿಸುವ ಕಸುವು ಕಡಿಮೆ. ತಾಯಿ ಸಂಕೋಚದ್ದು, ಆದರೆ ಅದರ ನೋಟ ಜೋರು. ಒಂದರ ಕೊರತೆಯನ್ನು ಇನ್ನೊಂದು ತುಂಬಿತು. ಈ ದಂಪತಿ ಇವತ್ತಿಗೂ ಜೋಡಿ ನೋಡುವುದು ಹಾಗೇನೇ. ನೆಲ್ ಸ್ವಲ್ಪ ಜಾಸ್ತಿ ಚುರುಕು, ಸಣ್ಣ ಸದ್ದಿಗೂ ಎದ್ದು ಕೂರುವ ನಾಯಿ. ಅದಕ್ಕೆ ಎರಡು ಗಂಟೆ ದೂರದ ಫಾರ್ಮಿನ ಸಮಾಧಾನದ ಗಂಡು ನಾಯಿಯನ್ನು ಹುಡುಕಿದ್ದರು.

ಆರೋಗ್ಯದ ವಿಷಯಕ್ಕೆ ಬರ್ತೀನಿ, ಇಲ್ಲೇ ಜನ ಮೋಸ ಹೋಗುವುದು. ‘ತಂದೆ ತಾಯಿ ಎರಡೂ ಗಟ್ಟಿಮುಟ್ಟಾಗಿವೆ’ ಅನ್ನುವ ಮಾತು ಯಾವ ಲೆಕ್ಕಕ್ಕೂ ಇಲ್ಲ, ಕಾಗದ ಕೇಳಿ. ಇವರು ಕೇಳುವ ಮೊದಲೇ ಫೈಲ್ ತಂದು ಮೇಜಿನ ಮೇಲಿಟ್ಟರು. ಸೊಂಟದ ಎಕ್ಸ್‌ರೇ ಅಂಕ ಇತ್ತು. ಇಲ್ಲಿ ಒಂದೊಂದು ಕಡೆಗೆ 0ಯಿಂದ 53, ಎರಡೂ ಸೇರಿ 106ರವರೆಗೆ ಅಂಕ ಕೊಡುತ್ತಾರೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ನೆಲ್‌ಗೆ 4 ಮತ್ತು 5, ಒಟ್ಟು 9. ಕಣ್ಣಿನ ಪರೀಕ್ಷೆಯ ಚೀಟಿ ಇತ್ತು. ಡಿಎನ್ಎ ವರದಿಯಲ್ಲಿ ಮಾತ್ರ ಒಂದು ಕಡೆ ‘ವಾಹಕ’ ಅಂತ ಇತ್ತು, ಕೋಲಿಗಳಿಗೆ ಹುಟ್ಟಿನಿಂದ ಬರುವ ಸಿಇಎ ಅನ್ನುವ ಕಣ್ಣಿನ ತೊಂದರೆಗೆ. ನಾನು ಗಾಬರಿಯಾದೆ. ಆಯಮ್ಮ ಒಂದು ಹಳೇ ಬಿಲ್ಲಿನ ಹಿಂದೆ ಗೆರೆ ಹಾಕಿ ತೋರಿಸಿದರು. ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬಂದರೆ ಮಾತ್ರ ಮರಿಗೆ ಕಾಯಿಲೆ. ಈ ಗಂಡು ನಾಯಿಯಲ್ಲಿ ಅದು ಇಲ್ಲವೇ ಇಲ್ಲ. ಹಾಗಾಗಿ ಒಂದು ಮರಿಗೂ ಕಾಯಿಲೆ ಬರಲ್ಲ, ಸುಮಾರು ಅರ್ಧದಷ್ಟು ಮರಿಗಳು ತಾಯಿಯ ಹಾಗೆ ವಾಹಕ ಆಗಬಹುದು ಅಷ್ಟೇ. ವಾಹಕ ಅಂತ ಒಳ್ಳೊಳ್ಳೆ ನಾಯಿಗಳನ್ನೆಲ್ಲ ಬಿಟ್ಟುಬಿಟ್ಟರೆ ಉಳಿಯುವುದು ನಾಲ್ಕು ಮನೆತನ, ಆಮೇಲೆ ನೆಂಟರಲ್ಲೇ ಜೋಡಿ ಮಾಡಿ ಬೇರೆ ಕಾಯಿಲೆ ತಂದುಕೊಳ್ಳುತ್ತೀವಿ ಅಂದರು. ಮುಚ್ಚಿಟ್ಟಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ.

ಆಮೇಲೆ ನನ್ನನ್ನು ಕೇಳೋಕೆ ಶುರು ಮಾಡಿದರು. ಮಧ್ಯಾಹ್ನ ಎರಡು ಗಂಟೆಗೆ ಮನೇಲಿ ಯಾರಿರ್ತಾರೆ? ಮಗಳಿಗೆ ಎಷ್ಟು ವಯಸ್ಸು? ಅವಳು ಓಡಿದರೆ ನಾಯಿ ಹಿಂದೆ ಓಡಿ ಹಿಮ್ಮಡಿಗೆ ಬಾಯಿ ಹಾಕಬಹುದು, ಅದು ಕೋಪ ಅಲ್ಲ, ಕುರಿ ತಿರುಗಿಸುವ ಗುಣ, ಆಗ ಏನು ಮಾಡ್ತೀರಿ? ಊರಿಗೆ ಹೋದರೆ ಯಾರ ಹತ್ತಿರ ಬಿಡ್ತೀರಿ? ಒಂದೂವರೆ ಗಂಟೆ. ಆ ದಿನ ಹೂಂ ಅನ್ನಲಿಲ್ಲ. ಮೂರು ವಾರ ಬಿಟ್ಟು ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ ಅಂದರು. ಆಗ ಬೇಜಾರಾಗಿತ್ತು. ಈಗ ಅನಿಸುತ್ತೆ, ನಮ್ಮಲ್ಲಿ ಹೆಣ್ಣು ಕೊಡುವವರು ಮನೆ ನೋಡೋಕೆ ಬರಲ್ವಾ, ಇದೂ ಹಾಗೇ.

63 ದಿನ ಗಬ್ಬ ಕಳೆದು ಆರು ಮರಿ ಹುಟ್ಟಿದವು, ಅಡುಗೆಮನೆಯ ಮೂಲೆಯಲ್ಲಿ. ಮರದ ಪೆಟ್ಟಿಗೆ, ಒಳಗೆ ಸುತ್ತಲೂ ಗೋಡೆಯಿಂದ ಒಂದು ಗೇಣು ಬಿಟ್ಟು ಕಂಬಿ. ತಾಯಿ ಮಗ್ಗುಲಾದಾಗ ಮರಿ ಗೋಡೆಗೆ ಸಿಕ್ಕಿ ಅಪ್ಪಚ್ಚಿಯಾಗಬಾರದು ಅಂತ. ಒಂದೊಂದು ಮರಿಯ ಕುತ್ತಿಗೆಗೂ ಒಂದೊಂದು ಬಣ್ಣದ ಉಲನ್ ದಾರ. ಪಕ್ಕದಲ್ಲಿ ಹಿಟ್ಟು ತೂಗುವ ತಕ್ಕಡಿ, ಎಣ್ಣೆ ಕಲೆಯಾದ ಒಂದು ನೋಟ್‌ಬುಕ್. ಬೆಳಿಗ್ಗೆ ಸಂಜೆ ತೂಕ ಬರೆದಿದ್ದರು. ಹಸಿರು ದಾರದ ಮರಿಯದ್ದು ಎರಡನೇ ದಿನ ಏರಿರಲಿಲ್ಲ. ಆ ಸಾಲಿನ ಪಕ್ಕದಲ್ಲಿ ಎರಡೆರಡು ಗಂಟೆಗೆ ಅದನ್ನು ಹಿಂದಿನ ಮೊಲೆಗೆ ಹಿಡಿದ ಸಮಯ ಬರೆದಿತ್ತು, ರಾತ್ರಿ 1, ರಾತ್ರಿ 3, ಬೆಳಗಿನ ಜಾವ 5. ಆ ಹಸಿರು ದಾರದ ಮರಿಯೇ ನಮ್ಮ ಚುಕ್ಕಿ. ಅಡುಗೆಮನೆಯಲ್ಲೇ ಬೆಳೆದ ಮರಿ ಆದ್ದರಿಂದ ಮಿಕ್ಸಿ, ವ್ಯಾಕ್ಯೂಮ್, ತಟ್ಟೆ ಬಿದ್ದ ಸದ್ದು ಯಾವುದಕ್ಕೂ ನಮ್ಮನೇಲಿ ಬೆದರಲಿಲ್ಲ. ಕುಕ್ಕರ್ ವಿಷಲ್ ಒಂದಕ್ಕೆ ಎರಡು ದಿನ ತಲೆ ವಾರೆ ಮಾಡಿ ನೋಡಿದಳು.

ಮರಿ ಆರಿಸುವ ಅವಕಾಶ ನಮಗೆ ಕೊಡಲಿಲ್ಲ. ಮಗಳಿಗೆ ಮುಖದ ತುಂಬ ಬಿಳಿ ಇದ್ದ ಗಂಡು ಮರಿ ಇಷ್ಟ ಆಗಿತ್ತು. ಅದು ಕುರಿ ಇರುವ ಮನೆಗೇ ಹೋಗಬೇಕು, ಟೌನಿನಲ್ಲಿ ಇರಲಾರದು ಅಂದರು. ಅವಳು ಕಾರಿನಲ್ಲಿ ಅತ್ತಳು. ಆದರೆ ಎಂಟು ವಾರ ಹಗಲೂ ರಾತ್ರಿ ನೋಡಿದವರಿಗೆ ಗೊತ್ತಿರುವಷ್ಟು ಅರ್ಧ ಗಂಟೆ ನೋಡಿದ ನಮಗೆ ಹೇಗೆ ಗೊತ್ತಾಗಬೇಕು?

ಕೊರತೆಗಳೂ ಇವೆ. ಮೆಸೇಜಿಗೆ ಉತ್ತರ ಬರೋಕೆ ವಾರ ಹಿಡಿಯುತ್ತೆ, ಕುರಿ ಈಯುವ ಕಾಲದಲ್ಲಂತೂ ಬರುವುದೇ ಇಲ್ಲ. ಮೊದಲ ಭೇಟಿಯಿಂದ ಮರಿ ಕೈಗೆ ಬರೋವರೆಗೆ 11 ತಿಂಗಳು ಆಯಿತು. ಮರಿಗಳಿಗೆ ಕಾರು ಅಭ್ಯಾಸ ಮಾಡಿಸಿರಲಿಲ್ಲ, ಮನೆಗೆ ಬರುವಷ್ಟರಲ್ಲಿ ಚುಕ್ಕಿ ಮೂರು ಸಲ ವಾಂತಿ ಮಾಡಿದಳು, ಅದು ಬಿಡೋಕೆ ಎರಡು ತಿಂಗಳು ಬೇಕಾಯಿತು. ಹಣ 750 ಪೌಂಡ್. ಮೈಕ್ರೋಚಿಪ್, ಮೊದಲ ಲಸಿಕೆ, ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿಯ ನೋಂದಣಿ ಎಲ್ಲ ಅದರಲ್ಲೇ. ಸಾಕೋಕೆ ಆಗಲ್ಲ ಅಂದರೆ ಬೇರೆಯವರಿಗೆ ಕೊಡುವಂತಿಲ್ಲ, ಯಾವ ವಯಸ್ಸಿನಲ್ಲಾದರೂ ಅವರಿಗೇ ವಾಪಸ್ ಕೊಡಬೇಕು ಅಂತ ಬರೆದು ಸಹಿ ಹಾಕಿಸಿಕೊಂಡರು.

ಲೈಸೆನ್ಸ್ ಬಗ್ಗೆ ಒಂದು ಮಾತು. ಇಂಗ್ಲೆಂಡಿನಲ್ಲಿ 12 ತಿಂಗಳಲ್ಲಿ 3 ಸೂಲು ಅಥವಾ ಅದಕ್ಕಿಂತ ಜಾಸ್ತಿ ಮರಿ ಹಾಕಿಸಿ ಮಾರುವವರಿಗೆ, ಇಲ್ಲವೇ ಅದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಕೌನ್ಸಿಲ್ ಲೈಸೆನ್ಸ್ ಬೇಕು. ಇವರಂಥವರ ಹತ್ತಿರ ಅದು ಇಲ್ಲದಿದ್ದರೆ ಅನುಮಾನ ಪಡಬೇಡಿ. ಆದರೆ ತಾಯಿಯನ್ನು ತೋರಿಸದವರ ಹತ್ತಿರ ಒಂದು ನಿಮಿಷ ನಿಲ್ಲಬೇಡಿ. 2020ರ ಏಪ್ರಿಲ್‌ನಿಂದ ಮಧ್ಯವರ್ತಿಗಳು ಆರು ತಿಂಗಳೊಳಗಿನ ಮರಿ ಮಾರುವಂತಿಲ್ಲ. ಬೆಂಗಳೂರಿನಿಂದ ತಂಗಿಯ ಗಂಡನೂ ಕೇಳ್ತಿದ್ದಾರೆ. ಅಲ್ಲಿ 2017ರ ನಿಯಮದ ಪ್ರಕಾರ ಮರಿ ಹಾಕಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರಕ್ಕೆ ಮೊದಲು ಮರಿ ಮಾರುವ ಹಾಗಿಲ್ಲ. ಅದಕ್ಕಿಂತ ಮೊದಲು, ಫ್ಲಾಟಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ಒಂಟಿಯಾಗಿ ಬಿಡುವುದಾದರೆ ದಯವಿಟ್ಟು ಈ ತಳಿ ಬೇಡ. ಕೆಲಸ ಇಲ್ಲದ ಕೋಲಿ ಬೈಕು, ಸೈಕಲ್, ಗೋಡೆ ಮೇಲಿನ ನೆರಳು, ಏನು ಸಿಕ್ಕರೂ ಅಟ್ಟಿಸಿಕೊಂಡು ಹೋಗುತ್ತೆ. ಬರೀ ಚೆಂಡು ಎಸೆದು ಸುಸ್ತು ಮಾಡೋಕೂ ಆಗಲ್ಲ, ಎಸೆದಷ್ಟೂ ಇನ್ನೂ ಹುಚ್ಚು ಹತ್ತುತ್ತೆ. ಸುಮ್ನೆ ಮಲಗೋದನ್ನ ಮೊದಲು ಕಲಿಸಿ ಅಂತ ಆಯಮ್ಮ ಹೇಳಿದ್ದರು, ನಾವು ಅದನ್ನೇ ಮಾಡಿದೆವು. ಇದನ್ನು ಬರೆಯುವಾಗ ಚುಕ್ಕಿ ನನ್ನ ಕುರ್ಚಿಯ ಕೆಳಗೆ ಮಲಗಿದ್ದಾಳೆ, ಒಂದು ಕಿವಿ ಮಾತ್ರ ಎದ್ದಿದೆ.

ಅವಳಿಗೆ ಈಗ 14 ತಿಂಗಳು. ಸೊಂಟದ ಎಕ್ಸ್‌ರೇ ಮುಂದಿನ ತಿಂಗಳು ಮಾಡಿಸ್ತೀವಿ, ಅಂಕ ಬಂದ ಮೇಲೆ ಅವರಿಗೂ ಕಳಿಸಬೇಕು, ಆ ನೋಟ್‌ಬುಕ್‌ನಲ್ಲಿ ಹಸಿರು ದಾರದ ಪುಟದಲ್ಲಿ ಬರೆದುಕೊಳ್ತಾರೆ. ಬಂದ ತಕ್ಷಣ ಇಲ್ಲೂ ಹಾಕ್ತೀನಿ.